ಗಟ್ಟಿ ಆಟಿಕೆ ಬೇಕೆಂದರೆ ಅದರ ಕೀಲು ನೋಡಿ

ಪ್ರಶ್ನೆ: ನನ್ನ ಮೊಮ್ಮಗನಿಗೆ ಐದೂವರೆ ವರ್ಷ. ಕಾರು, ಬಸ್ಸು, ಸೂಪರ್‌ಹೀರೋ ಬೊಂಬೆಗಳೆಂದರೆ ಅವನಿಗೆ ಪ್ರಾಣ. ಆದರೆ ಯಾವುದೂ ಒಂದು ತಿಂಗಳು ಬಾಳುವುದಿಲ್ಲ. ಎಂಟುನೂರು ರೂಪಾಯಿ ಕೊಟ್ಟು ತಂದ ದೊಡ್ಡ ಬಸ್ಸಿನ ಮುಂದಿನ ಗಾಲಿ ಮೂರನೇ ದಿನ ಕಿತ್ತು ಬಂತು. ಜಾತ್ರೆಯಲ್ಲಿ ಕೊಂಡ ಜೀಪು ಮನೆ ಮುಟ್ಟುವಷ್ಟರಲ್ಲಿ ಸೀಳಿತ್ತು. ಅವನ ಅಚ್ಚುಮೆಚ್ಚಿನ ಬೊಂಬೆಯ ಒಂದು ಕಾಲು ತೊಡೆಯ ಬಳಿ ಮುರಿದಿದೆ. ಆದರೂ ಅದನ್ನು ಪಕ್ಕದಲ್ಲಿ ಇಟ್ಟುಕೊಂಡೇ ಮಲಗುತ್ತಾನೆ. ಬೆಂಕಿಪೊಟ್ಟಣದಷ್ಟಿರುವ ಲೋಹದ ಕಾರು ಮಾತ್ರ ಎರಡು ವರ್ಷದಿಂದ ಗಟ್ಟಿಯಾಗಿದೆ. ನಮ್ಮ ಕಾಲದ ಆಟಿಕೆಗಳು ಹೀಗೆ ಮುರಿಯುತ್ತಿರಲಿಲ್ಲ. ಹುಡುಗನೇ ಒರಟೋ, ವಸ್ತುವೇ ಕಳಪೆಯೋ? ಇನ್ನು ಮುಂದೆ ಏನು ನೋಡಿ ಕೊಳ್ಳಬೇಕು? ಮನೆಯಲ್ಲಿ ಒಂದೂವರೆ ವರ್ಷದ ಮೊಮ್ಮಗಳೂ ಇದ್ದಾಳೆ.
– ಒಬ್ಬ ಅಜ್ಜ, ದಾವಣಗೆರೆ

ಉತ್ತರ: ಹುಡುಗ ಒರಟನಲ್ಲ, ಮೊದಲು ಆ ಚಿಂತೆ ಬಿಡಿ. ಐದೂವರೆ ವರ್ಷದ ಮಗು ಕಾರನ್ನು ಗೋಡೆಗೆ ಡಿಕ್ಕಿ ಹೊಡೆಸುತ್ತದೆ, ಮಂಚದ ಮೇಲಿಂದ ಹಾರಿಸುತ್ತದೆ, ಬೊಂಬೆಯ ಕೈ ಎಷ್ಟು ದೂರ ತಿರುಗುತ್ತದೆ ಎಂದು ತಿರುಗಿಸಿಯೇ ನೋಡುತ್ತದೆ. ಆ ವಯಸ್ಸಿನ ಆಟವೇ ಅದು. ಅದನ್ನು ತಾಳಿಕೊಳ್ಳಲಾರದ ವಸ್ತುವನ್ನು ಆ ವಯಸ್ಸಿನವರಿಗೆಂದು ಪೆಟ್ಟಿಗೆಯ ಮೇಲೆ ಬರೆದು ಮಾರುವುದು ತಯಾರಿಸಿದವರ ತಪ್ಪು.

ನಾನು ಪೀಣ್ಯದಲ್ಲಿ ಇಪ್ಪತ್ತೆರಡು ವರ್ಷ ಪ್ಲಾಸ್ಟಿಕ್ ಅಚ್ಚುಗಳ ವಿನ್ಯಾಸದ ಕೆಲಸ ಮಾಡಿದವನು. ಅದರಲ್ಲಿ ಕೆಲವು ವರ್ಷ ಆಟಿಕೆಗಳ ಅಚ್ಚುಗಳೇ. ಈಗ ಭಾನುವಾರದ ಬೆಳಿಗ್ಗೆ ನಮ್ಮ ಬಡಾವಣೆಯ ಮಕ್ಕಳು ಮುರಿದ ಆಟಿಕೆಗಳನ್ನು ನನ್ನ ಮೇಜಿನ ಮೇಲೆ ತಂದಿಡುತ್ತಾರೆ. ಅವುಗಳಲ್ಲಿ ಮೈಯೇ ಒಡೆದದ್ದು ಕಡಿಮೆ. ಸಾಮಾನ್ಯವಾಗಿ ಮುರಿದಿರುವುದು ಎರಡು ಭಾಗಗಳು ಕೂಡುವ ಜಾಗ: ಗಾಲಿ ಆಕ್ಸಲ್‌ಗೆ ಸೇರುವಲ್ಲಿ, ತೋಳು ಭುಜಕ್ಕೆ ಸೇರುವಲ್ಲಿ, ಬಾಗಿಲು ತನ್ನ ಸಣ್ಣ ಕಡ್ಡಿಯ ಮೇಲೆ ತಿರುಗುವಲ್ಲಿ. ಆದ್ದರಿಂದ ಬೆಲೆ, ತೂಕ, ಲೋಹ ಎಂದು ನೋಡುವ ಮೊದಲು ಕೀಲು ನೋಡಿ. ಮಗು ಮಿತಿ ಮೀರಿ ಎಳೆದಾಗ ಅದು ಕಳಚಿಕೊಂಡು ಮತ್ತೆ ಕೂಡುವಂತಿದೆಯೋ, ಮುರಿಯುವುದೊಂದೇ ದಾರಿಯೋ? ಕಳಚುವ ಕೀಲಿನ ಆಟಿಕೆ ವರ್ಷಗಟ್ಟಲೆ ಬಾಳುತ್ತದೆ.

ನಿಮ್ಮ ಮನೆಯ ಲೋಹದ ಕಾರನ್ನೇ ತೆಗೆದುಕೊಳ್ಳೋಣ. ಆ ಅಳತೆಗೆ ಒಂದು ಕಥೆಯಿದೆ. ಲಂಡನ್ನಿನ ಲೆಸ್ನಿ ಕಂಪನಿಯ ಜ್ಯಾಕ್ ಓಡೆಲ್ ಅವರ ಮಗಳ ಶಾಲೆಯಲ್ಲಿ, ಬೆಂಕಿಪೊಟ್ಟಣದೊಳಗೆ ಹಿಡಿಯುವ ಆಟಿಕೆಯನ್ನು ಮಾತ್ರ ತರಬಹುದೆಂಬ ನಿಯಮವಿತ್ತು. ಅವರು ಮಗಳಿಗೆ ಒಂದು ಪುಟಾಣಿ ರೋಡ್ ರೋಲರ್ ಮಾಡಿಕೊಟ್ಟರು. 1953ರಲ್ಲಿ ಮ್ಯಾಚ್‌ಬಾಕ್ಸ್ ವಾಹನಗಳು ಮಾರುಕಟ್ಟೆಗೆ ಬಂದದ್ದು ಆ ಎಳೆ ಹಿಡಿದು. 1968ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ಹಾಟ್ ವೀಲ್ಸ್ ತಂದಾಗ ಅದೂ ಹೆಚ್ಚುಕಡಿಮೆ ಅದೇ ಅಳತೆಯದಾಗಿತ್ತು. ಬೆಂಕಿಪೊಟ್ಟಣದಲ್ಲಿ ಹಿಡಿಯಲೆಂದು ಹುಟ್ಟಿದ ಆ ಸಣ್ಣತನವೇ ಈ ಕಾರುಗಳ ದೊಡ್ಡ ಬಲ. ಒಂದು ಆಟಿಕೆಯ ಉದ್ದ, ಅಗಲ, ಎತ್ತರ ಮೂರನ್ನೂ ಎರಡರಷ್ಟು ಮಾಡಿ, ಉಳಿದದ್ದನ್ನು ಹಾಗೆಯೇ ತಯಾರಿಸಿದರೆ ತೂಕ ಎಂಟರಷ್ಟಾಗುತ್ತದೆ. ಆದರೆ ಆ ತೂಕದ ಪೆಟ್ಟನ್ನು ಹೊರಬೇಕಾದ ಕಡ್ಡಿಯ ಅಡ್ಡಕೊಯ್ತ ನಾಲ್ಕರಷ್ಟು ಮಾತ್ರ. ಇರುವೆ ಮಾಳಿಗೆಯಿಂದ ಬಿದ್ದರೂ ಎದ್ದು ನಡೆಯುತ್ತದೆ. ಎಮ್ಮೆ ಹಳ್ಳಕ್ಕೆ ಬಿದ್ದರೆ ಕಾಲು ಮುರಿದುಕೊಳ್ಳುತ್ತದೆ. ನಿಮ್ಮ ಎಂಟುನೂರು ರೂಪಾಯಿಯ ಬಸ್ಸು ಎಮ್ಮೆ, ಏಳು ಸೆಂ.ಮೀ. ಉದ್ದದ ಆ ಕಾರು ಇರುವೆ.

ಆ ಕಾರಿನ ಮೈ ಸತುವಿನ ಮಿಶ್ರಲೋಹ. ಸತುವಿಗೆ ನೂರಕ್ಕೆ ಸುಮಾರು ನಾಲ್ಕು ಭಾಗ ಅಲ್ಯೂಮಿನಿಯಂ ಸೇರಿಸಿರುತ್ತಾರೆ. ಅದು 400 ಡಿಗ್ರಿಯೊಳಗೇ ಕರಗುವುದರಿಂದ ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ನುಗ್ಗಿಸಿ, ಇಡೀ ಮೈಯನ್ನು ಒಂದೇ ತುಂಡಾಗಿ ಎರಕ ಹೊಯ್ಯುತ್ತಾರೆ. ತಳದ ತಟ್ಟೆಯನ್ನು ಕೂರಿಸಿ, ಮೈಯಿಂದಲೇ ಹೊರಟ ಗೂಟದ ತುದಿಯನ್ನು ಚಪ್ಪಟೆ ಮಾಡಿ ರಿವೆಟ್ ಹೊಡೆದರೆ ಮುಗಿಯಿತು. ಕೂಡುವ ಜಾಗ ಒಂದೋ ಎರಡೋ. ಮುರಿಯಲು ಹೆಚ್ಚೇನೂ ಇಲ್ಲ. ಯಾರಾದರೂ ತುಳಿದರೆ ಸಣ್ಣ ತಂತಿಯಂಥ ಆಕ್ಸಲ್ ಬಾಗುತ್ತದೆ. ಎರಡು ಇಕ್ಕಳ ಹಿಡಿದು ನೇರ ಮಾಡಿದರೆ ಮತ್ತೆ ಓಡುತ್ತದೆ. ಒದ್ದೆ ಮರಳಿನಲ್ಲಿ ಆಡಿದ ದಿನ ನೀರಿನಲ್ಲಿ ಜಾಲಿಸಿ ಬಟ್ಟೆಯಿಂದ ಒರೆಸಿದರೆ ಆ ಕಡ್ಡಿ ತುಕ್ಕು ಹಿಡಿಯುವುದೂ ತಪ್ಪುತ್ತದೆ.

ಹಾಗೆಂದು ಲೋಹ ಎಂದ ಮಾತ್ರಕ್ಕೆ ಗಟ್ಟಿ ಎಂದುಕೊಳ್ಳಬೇಡಿ. ಬಾಗಿಲು, ಡಿಕ್ಕಿ, ಬಾನೆಟ್ ಎಲ್ಲ ತೆರೆಯುವ ಅಂಗೈ ಮೀರಿದ ಲೋಹದ ಕಾರುಗಳಿವೆಯಲ್ಲ, ಅವುಗಳ ಕನ್ನಡಿ ಮೊದಲ ವಾರವೇ ಹೋಗುತ್ತದೆ, ಬಾಗಿಲು ಮುಂದಿನ ತಿಂಗಳು. ಅವು ಷೋಕೇಸಿಗೆ ಚೆಂದ. ಮಗು ಅದನ್ನು ಎಸೆದರೆ ಒಡೆಯುವುದು ಟೈಲ್ಸ್ ಅಥವಾ ತಂಗಿಯ ಹಣೆ. ಲೋಹದ ವಿಷಯದಲ್ಲಿ ಇನ್ನೊಂದು ಮಾತು: 1930ರ ದಶಕದ ಡಿಂಕಿ ಕಾರುಗಳಂಥ ಹಳೆಯ ಎರಕದ ಮಾದರಿಗಳಲ್ಲಿ ಹಲವು, ಯಾರೂ ಮುಟ್ಟದಿದ್ದರೂ ಕಪಾಟಿನಲ್ಲೇ ಬಿರುಕು ಬಿಟ್ಟು ಪುಡಿಯಾಗಿವೆ. ಸತುವಿನೊಳಗೆ ಅತ್ಯಲ್ಪ ಸೀಸ ಬೆರೆತದ್ದೇ ಅದಕ್ಕೆ ಕಾರಣ. ಮಕ್ಕಳ ಕೈಯಿಂದ ಪಾರಾಗಿ ಉಳಿದದ್ದು ಒಳಗಿನ ಕಲಬೆರಕೆಯಿಂದ ಸತ್ತದ್ದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

‘ನಮ್ಮ ಕಾಲದ ಆಟಿಕೆ’ ಎಂದಿರಿ. ಒಂದು ಸಂಗತಿಯನ್ನು ಯೋಚಿಸಿ ನೋಡಿ: ನೀವು ಆಡಿದ್ದು ಯಾವ ನೆಲದ ಮೇಲೆ? ಸಗಣಿ ಸಾರಿಸಿದ ಮಣ್ಣಿನ ನೆಲ, ಅಂಗಳದ ಧೂಳು, ಹೆಚ್ಚೆಂದರೆ ಕಡಪಾ ಕಲ್ಲು. ಮೊಮ್ಮಗ ಆಡುವುದು ವಿಟ್ರಿಫೈಡ್ ಟೈಲ್ಸ್ ಮೇಲೆ. ಮೇಜಿನ ಎತ್ತರದಿಂದ, ಅಂದರೆ ಸುಮಾರು 90 ಸೆಂ.ಮೀ.ನಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಗಂಟೆಗೆ 15 ಕಿ.ಮೀ. ವೇಗದಲ್ಲಿರುತ್ತದೆ. ಮಣ್ಣಿನ ನೆಲ ಕೊಂಚ ತಗ್ಗಿ ಆ ವೇಗವನ್ನು ನಿಧಾನಕ್ಕೆ ಹೀರಿಕೊಳ್ಳುತ್ತದೆ. ಟೈಲ್ಸ್ ಒಂದಿಷ್ಟೂ ಬಿಟ್ಟುಕೊಡುವುದಿಲ್ಲ, ಪೆಟ್ಟೆಲ್ಲ ಆಟಿಕೆಗೇ. ಹಳೆಯ ಜಮಖಾನವನ್ನು ಎರಡು ಮಡಿಕೆ ಮಾಡಿ ಹಾಸಿ, ಅವನ ಗ್ಯಾರೇಜು, ರಸ್ತೆ, ಯುದ್ಧಭೂಮಿ ಎಲ್ಲ ಅದರ ಮೇಲೆ ಎಂದು ಒಪ್ಪಂದ ಮಾಡಿಕೊಳ್ಳಿ. ನಾನು ಹೇಳುವ ಎಲ್ಲ ಉಪಾಯಗಳಲ್ಲಿ ಹಣ ಬೇಡದ ಉಪಾಯ ಇದು, ಫಲ ಹೆಚ್ಚು ಕೊಡುವುದೂ ಇದೇ. ನಿಮ್ಮ ಕಾಲದಲ್ಲೂ ಬುಗುರಿ ಸೀಳುತ್ತಿತ್ತು, ತಗಡಿನ ಕಾರು ಸೊಟ್ಟಗಾಗುತ್ತಿತ್ತು. ಮುರಿದವುಗಳನ್ನು ಮರೆತಿದ್ದೇವೆ, ಉಳಿದ ಒಂದೆರಡು ನೆನಪಿನಲ್ಲಿವೆ.

ಈಗ ಆ ಜೀಪು. ಅದು ಬಹುಶಃ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್. ಅಗ್ಗ, ಹೊಳಪು ಚೆನ್ನಾಗಿ ಬರುತ್ತದೆ, ಆದರೆ ಗಾಜಿನ ಸ್ವಭಾವ: ಬಾಗುವುದಿಲ್ಲ, ಸೀಳುತ್ತದೆ, ಸೀಳಿದ ಅಂಚು ಕೈ ಕೊಯ್ಯುತ್ತದೆ. ಅದಕ್ಕೇ ಸ್ವಲ್ಪ ರಬ್ಬರಿನ ಅಂಶ ಬೆರೆಸಿದ ಬಂಧು ಎಬಿಎಸ್. ಪೆಟ್ಟು ಬಿದ್ದಾಗ ಒಳಗಿನ ರಬ್ಬರಿನ ಕಣಗಳು ಅದನ್ನು ನುಂಗಿಕೊಳ್ಳುತ್ತವೆ. ಲೆಗೊ ಇಟ್ಟಿಗೆಗಳು 1963ರಿಂದ ಎಬಿಎಸ್‌ನಲ್ಲೇ ತಯಾರಾಗುತ್ತಿರುವುದು ಸುಮ್ಮನೆ ಅಲ್ಲ. ಅಂಗಡಿಯಲ್ಲಿ ಹೇಗೆ ಗುರುತಿಸುವುದು? ಉಗುರಿನಿಂದ ತಟ್ಟಿ ಕೇಳಿ. ಪಾಲಿಸ್ಟೈರೀನ್ ತಗಡಿನಂತೆ ‘ಟಿಣ್’ ಎನ್ನುತ್ತದೆ; ಎಬಿಎಸ್‌ನ ಸದ್ದು ಮಂದ. ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ. ಸ್ವಲ್ಪ ಬಗ್ಗಿ ಹಿಂದಕ್ಕೆ ಬಂದರೆ ಸರಿ; ‘ಚಿಟ್’ ಎಂದರೆ ಅಲ್ಲಿಯೇ ಇಟ್ಟುಬಿಡಿ.

ಇನ್ನೊಂದು ಗುಟ್ಟು ಹೇಳುತ್ತೇನೆ, ಇದು ನಮ್ಮ ಕಸುಬಿನವರು ಮಾತ್ರ ನೋಡುವ ವಿಷಯ. ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ಹರಿಯುವಾಗ ತೂತು ಬರಬೇಕಾದ ಜಾಗದಲ್ಲಿ ಎರಡಾಗಿ ಕವಲೊಡೆದು, ತೂತಿನ ಆಚೆ ಮತ್ತೆ ಸೇರುತ್ತದೆ. ಸೇರುವಷ್ಟರಲ್ಲಿ ಎರಡೂ ಹರಿವುಗಳು ಕೊಂಚ ತಣ್ಣಗಾಗಿರುತ್ತವೆ, ಪೂರ್ತಿ ಬೆಸೆದುಕೊಳ್ಳುವುದಿಲ್ಲ. ಆಕ್ಸಲ್ ಹೋಗುವ ತೂತಿನ ಪಕ್ಕ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಕೂದಲಿನಷ್ಟು ಸಣ್ಣ ಗೆರೆ ಕಾಣುತ್ತದೆ. ಒಳ್ಳೆಯ ವಿನ್ಯಾಸದಲ್ಲಿ ಆ ಜಾಗಕ್ಕೆ ದಪ್ಪ ಕೊಟ್ಟಿರುತ್ತಾರೆ. ಕಳಪೆ ಮಾಲಿನಲ್ಲಿ ಗೆರೆ ಢಾಳಾಗಿ ಕಾಣುತ್ತದೆ, ಸುತ್ತಲಿನ ಗೋಡೆ ತೆಳು. ಜೊತೆಗೆ, ಹಲವು ಸಲ ಕರಗಿಸಿದ ಹಳೆಯ ಪ್ಲಾಸ್ಟಿಕ್ಕಿನ ಕಾಳು (ದಾನಾ) ಬೆರೆಸಿದ್ದರೆ ಅದು ಮೊದಲೇ ಜೀವ ಕಳೆದುಕೊಂಡಿರುತ್ತದೆ. ಜೀಪು ಸೀಳಿದ್ದು ಇಂಥ ಗೆರೆಯ ಗುಂಟವೇ ಇರಬಹುದು, ನೋಡಿ.

ಬಸ್ಸನ್ನು ಒಮ್ಮೆ ಬೋರಲು ಹಾಕಿ. ಎಡಗಾಲಿಯಿಂದ ಬಲಗಾಲಿಯವರೆಗೆ ಒಂದೇ ಉಕ್ಕಿನ ಕಡ್ಡಿ ಹಾದುಹೋಗಿದೆಯೋ, ಒಂದೊಂದು ಗಾಲಿಯೂ ಒಂದೊಂದು ಮೋಟು ಪ್ಲಾಸ್ಟಿಕ್ ಗೂಟಕ್ಕೆ ಸಿಕ್ಕಿಸಿದೆಯೋ? ನಿಮ್ಮದು ಎರಡನೆಯ ಬಗೆ ಇರಬೇಕು. ಹುಡುಗ ಬಸ್ಸಿನ ಮೇಲೆ ಕೈಯೂರಿ ತಳ್ಳುತ್ತಾನೆ, ಅವನ ಅರ್ಧ ತೂಕ ಆ ಗೂಟದ ಬುಡಕ್ಕೆ ಬೀಳುತ್ತದೆ. ಬುಡ ಚೂಪಾದ ಮೂಲೆಯಲ್ಲಿ ಮುಗಿದಿದ್ದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಮುರಿಯುವ ಮೊದಲು ಎಷ್ಟೋ ಪ್ಲಾಸ್ಟಿಕ್ ಬಿಳಿಚಿಕೊಳ್ಳುತ್ತದೆ. ಬಣ್ಣದ ಗೂಟದ ಬುಡದಲ್ಲಿ ಬಿಳಿ ಉಂಗುರ ಕಂಡರೆ ಇನ್ನು ಹೆಚ್ಚು ದಿನ ಉಳಿದಿಲ್ಲವೆಂದು ತಿಳಿಯಿರಿ. ಮುಂದಿನ ಸಲ ಆರಡಿ ದೂರದಿಂದ ಚೆಂದ ಕಾಣುವ ಬಸ್ಸಿಗೆ ಮರುಳಾಗದೆ, ಅಂಗಡಿಯವರಿಂದ ಕೇಳಿ ಪಡೆದು ತಳ ನೋಡಿ. ಹಿಂದಕ್ಕೆ ಎಳೆದು ಬಿಟ್ಟರೆ ಓಡುವ ಕಾರುಗಳಲ್ಲಿ ಮಕ್ಕಳು ಜಾಸ್ತಿ ಎಳೆದಾಗ ಬರುವ ‘ಕಟಕಟ’ ಸದ್ದಿಗೆ ಹೆದರಬೇಡಿ. ಸುರುಳಿ ಸ್ಪ್ರಿಂಗ್ ತುಂಬಿದ ಮೇಲಿನ ಹೆಚ್ಚುವರಿ ಬಲವನ್ನು ಜಾರಿಸಿ ಬಿಡುವ ಏರ್ಪಾಡು ಅದು. ಅವುಗಳಿಗೆ ನಿಜವಾದ ಶತ್ರು ಕೂದಲು ಮತ್ತು ದಾರ. ಗಾಲಿ ನಿಂತುಹೋಯಿತೆಂದು ಎಸೆಯಲು ಹೊರಟ ಅರ್ಧ ಡಜನ್ ಕಾರುಗಳಿಗೆ ನಾನು ಸೂಜಿ ಮತ್ತು ಸಣ್ಣ ಕತ್ತರಿಯಿಂದಲೇ ಜೀವ ಕೊಟ್ಟಿದ್ದೇನೆ.

ಇನ್ನು ಬೊಂಬೆಗಳು. ಇಲ್ಲಿ ಕೀಲೇ ಸರ್ವಸ್ವ. ಅಮೆರಿಕದ ಹ್ಯಾಸ್‌ಬ್ರೋ ಕಂಪನಿ 1982ರಲ್ಲಿ ತಂದ ಅಂಗೈ ಉದ್ದದ ಜಿ.ಐ. ಜೋ ಬೊಂಬೆಗಳನ್ನು ನಾನು ಹೊಸ ಹುಡುಗರಿಗೆ ಪಾಠ ಹೇಳುವಾಗ ಬಿಚ್ಚಿ ತೋರಿಸುತ್ತಿದ್ದೆ. ನಮ್ಮಲ್ಲಿ ಫನ್‌ಸ್ಕೂಲ್ ಅವನ್ನು ತಯಾರಿಸಿತು. ನಿಮ್ಮ ಮಗ ಬಹುಶಃ ಆಡಿರಬೇಕು. ಬೆನ್ನಿನ ಒಂದೇ ಸ್ಕ್ರೂ ಬಿಚ್ಚಿದರೆ ಎದೆ ಎರಡು ಚಿಪ್ಪಾಗಿ ತೆರೆದುಕೊಳ್ಳುತ್ತದೆ. ಒಳಗೆ ಒಂದು ಕಪ್ಪು ರಬ್ಬರ್ ಉಂಗುರ. ಕಾಲುಗಳೆರಡನ್ನೂ ಹಿಡಿದ ಲೋಹದ ಕೊಕ್ಕೆ ಆ ಉಂಗುರಕ್ಕೆ ತೂಗಿರುತ್ತದೆ. ಮಗು ಕಾಲು ಹಿಡಿದು ಎಳೆದರೆ ಉಂಗುರ ಹಿಗ್ಗುತ್ತದೆ, ಬಿಟ್ಟರೆ ಹಿಂದಕ್ಕೆ ಸೆಳೆಯುತ್ತದೆ; ಸೊಂಟ ಮುರಿಯುವ ಪ್ರಶ್ನೆ ಅಷ್ಟು ಸುಲಭಕ್ಕೆ ಬರುವುದಿಲ್ಲ. ವರ್ಷಗಳ ನಂತರ ರಬ್ಬರ್ ಒಣಗಿ ತುಂಡಾಗಿ ಬೊಂಬೆ ಎರಡು ಭಾಗವಾದರೂ, ಹಾರ್ಡ್‌ವೇರ್ ಅಂಗಡಿಯಲ್ಲಿ ನಲ್ಲಿಯ ವಾಷರುಗಳ ಡಬ್ಬಿಯಲ್ಲಿ ಅದೇ ಅಳತೆಯ ಓ-ರಿಂಗ್ ಹುಡುಕಿ ಹಾಕಿದರೆ ಹೊಸದರಂತೆ ನಿಲ್ಲುತ್ತದೆ. ಮಗುವಿನ ಕೈಯ ಬಲವನ್ನು ಗೌರವಿಸಿದ ವಿನ್ಯಾಸವೆಂದರೆ ಇದು. ಅದಕ್ಕೂ ದುರ್ಬಲ ಜಾಗವಿತ್ತು: ಹೆಬ್ಬೆರಳು. ಆಯುಧದ ದಪ್ಪ ಹಿಡಿಕೆಯನ್ನು ಪುಟ್ಟ ಮುಷ್ಟಿಗೆ ತುರುಕಿದರೆ ಮೊದಲು ಹೋಗುತ್ತಿದ್ದದ್ದು ಅದೇ.

ಇಂದಿನ ಬೊಂಬೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೀಲುಗಳಿರುವವೂ ಇವೆ: ಮೊಣಕೈಗೆ ಎರಡು, ಪಾದಕ್ಕೆ ಎರಡು. ಅವು ಹತ್ತು ಹನ್ನೆರಡು ವರ್ಷದವರಿಗೆ, ಸಂಗ್ರಹಿಸುವ ದೊಡ್ಡವರಿಗೆ ಸರಿ. ಐದೂವರೆ ವರ್ಷದವನಿಗೆ ಐದು ಕೀಲು ಸಾಕು: ಕುತ್ತಿಗೆ, ಎರಡು ಭುಜ, ಎರಡು ತೊಡೆ. 1978ರಲ್ಲಿ ಬಂದ ಕೆನರ್ ಕಂಪನಿಯ ಸ್ಟಾರ್ ವಾರ್ಸ್ ಬೊಂಬೆಗಳು ಐದೇ ಕೀಲಿನವು. ಆಡಿ ಬಣ್ಣ ಹೋದರೂ ಕೈಕಾಲು ಗಟ್ಟಿಯಾಗಿರುವ ಎಷ್ಟೋ ಬೊಂಬೆಗಳು ಈಗಲೂ ಕಾಣಸಿಗುತ್ತವೆ. ತಲೆ ಅಥವಾ ತೋಳನ್ನು ಮೆಲ್ಲಗೆ ಎಳೆದಾಗ ಗುಂಡಿನಂಥ ತುದಿ ‘ಟಪ್’ ಎಂದು ಹೊರಬಂದು, ಒತ್ತಿದರೆ ಮತ್ತೆ ಒಳಗೆ ಕೂರುವಂತಿದ್ದರೆ ಕಣ್ಣು ಮುಚ್ಚಿ ಕೊಳ್ಳಿ.

ಹೊಸ ಬೊಂಬೆ ಮನೆಗೆ ಬಂದ ಮೊದಲ ದಿನ ಒಂದು ಕೆಲಸ ಮಾಡಿ. ಕೀಲಿನೊಳಗೆ ಬಣ್ಣ ಇಳಿದು ಅಂಟಿಕೊಂಡಿರುವುದು ಸಾಮಾನ್ಯ. ಮಗು ಬಲ ಹಾಕಿ ತಿರುಗಿಸಿದರೆ ಕೀಲು ತಿರುಗುವ ಬದಲು ಒಳಗಿನ ಕಡ್ಡಿ ತಿರುಚಿ ತುಂಡಾಗುತ್ತದೆ. ತೊಡೆಯ ಬಳಿ ಮುರಿದದ್ದಕ್ಕೆ ಇದೂ ಕಾರಣವಾಗಿರಬಹುದು. ಕೈ ಅದ್ದಲಾಗದಷ್ಟು ಬಿಸಿಯಾದ, ಆದರೆ ಕುದಿಯದ ನೀರಿನಲ್ಲಿ ಒಂದು ನಿಮಿಷ ಮುಳುಗಿಸಿ ತೆಗೆದು, ನೀವೇ ಒಂದೊಂದು ಕೀಲನ್ನೂ ನಿಧಾನಕ್ಕೆ ಆಚೀಚೆ ಆಡಿಸಿ ಒರೆಸಿ ಕೊಡಿ. ಬ್ಯಾಟರಿ ಇರುವ ಬೊಂಬೆಗೆ ಇದನ್ನು ಮಾಡಬಾರದು. ಮೃದು ಪಿವಿಸಿಯ ಬೊಂಬೆಗಳನ್ನು ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ, ಸಂಜೆಗೆ ಸೊಟ್ಟಗಾಗಿರುತ್ತವೆ.

ಐಎಸ್‌ಐ ಗುರುತಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಅದು ಕಡ್ಡಾಯ. ಜಾತ್ರೆಯ ಜೀಪಿನ ಮೇಲೆ ಅದು ಇರಲಿಕ್ಕಿಲ್ಲ. ಆ ಗುರುತಿಗಾಗಿ ಮಾಡುವ ಪರೀಕ್ಷೆಗಳಲ್ಲಿ ಬೀಳಿಸುವುದೂ ಒಂದು: ಒಂದೂವರೆ ವರ್ಷ ದಾಟಿದ ಮಕ್ಕಳ ಹಗುರ ಆಟಿಕೆಯನ್ನು ಸುಮಾರು 93 ಸೆಂ.ಮೀ. ಎತ್ತರದಿಂದ ಗಟ್ಟಿ ನೆಲಕ್ಕೆ ನಾಲ್ಕು ಸಲ ಬೀಳಿಸುತ್ತಾರೆ. ಅದಕ್ಕಿಂತ ಚಿಕ್ಕವರ ಆಟಿಕೆಯನ್ನು 138 ಸೆಂ.ಮೀ.ನಿಂದ ಹತ್ತು ಸಲ. ಆದರೆ ಆಟಿಕೆ ಮುರಿಯಬಾರದು ಎಂಬುದು ಈ ಪರೀಕ್ಷೆಯ ಷರತ್ತಲ್ಲ. ಮುರಿದರೂ ಚೂಪಾದ ಅಂಚು, ಮೊನೆ, ನುಂಗಬಹುದಾದ ತುಂಡು ಹೊರಬಂದು ಅಪಾಯವಾಗಬಾರದು, ಅಷ್ಟೇ. ಆದ್ದರಿಂದ ಐಎಸ್‌ಐ ಇದ್ದರೆ ಬಾಳಿಕೆ ಬರುತ್ತದೆ ಎಂದಲ್ಲ, ಮುರಿದಾಗಲೂ ಮಗು ಕ್ಷೇಮ ಎಂದು. ನನ್ನ ಮಟ್ಟಿಗೆ ಬಾಳಿಕೆಗಿಂತ ಅದು ದೊಡ್ಡದು.

ಒಂದೂವರೆ ವರ್ಷದ ಮೊಮ್ಮಗಳು ಇರುವ ಮನೆಯಲ್ಲಂತೂ ಹೌದು. ಕಳಚುವ ಕೀಲು ಒಳ್ಳೆಯದು ಎಂದು ನಾನು ಹೇಳಿದ್ದು ಅಣ್ಣನಿಗೆ, ತಂಗಿಗಲ್ಲ. ಅವನ ಬೊಂಬೆಯ ಕಳಚಿದ ಮುಷ್ಟಿ, ಕಾರಿನ ರಬ್ಬರ್ ಟೈರು ಅವಳ ಗಂಟಲಿಗೆ ಅಡ್ಡವಾಗುವ ಅಳತೆಯವು. ಮೂರು ವರ್ಷದೊಳಗಿನವರ ಆಟಿಕೆಗಳನ್ನು ಪರೀಕ್ಷಿಸಲು 31.7 ಮಿ.ಮೀ. ಅಗಲದ ಒಂದು ಸಿಲಿಂಡರ್ ಬಳಸುತ್ತಾರೆ. ಅದರೊಳಗೆ ಪೂರ್ತಿ ಮುಳುಗುವ ಯಾವ ತುಂಡೂ ಅಪಾಯಕಾರಿ. ದಪ್ಪ ಕಾಗದವನ್ನು ಆ ಅಗಲಕ್ಕೆ ಸುತ್ತಿ ಅಂಟಿಸಿ ಇಟ್ಟುಕೊಳ್ಳಿ, ಅಣ್ಣನೇ ತನ್ನ ಆಟಿಕೆಗಳನ್ನು ಹಾಕಿ ಪರೀಕ್ಷಿಸಲಿ. ಅವನಿಗೆ ಅದೂ ಒಂದು ಆಟವಾಗುತ್ತದೆ. ದೀಪ ಮಿನುಗುವ, ಸದ್ದು ಮಾಡುವ ಆಟಿಕೆಗಳ ಬಟನ್ ಸೆಲ್ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಟ್ಟ ಗಾಯ ಮಾಡಬಲ್ಲದು. ಅದರ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆಯನ್ನು ಮನೆಯೊಳಗೆ ತರಬೇಡಿ. ನುಂಗಿದಳೆಂಬ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಿ.

ಅವಳಿಗೆ ಚನ್ನಪಟ್ಟಣದ ಗಾಲಿ ಗಾಡಿ ತನ್ನಿ. ಒತ್ತಾದ ಎಳೆಯ ಆಲೆ ಮರ, ಚರಕಿಯ (ಲೇತ್) ಮೇಲೆ ತಿರುಗುವಾಗಲೇ ಉಜ್ಜಿ ಹಿಡಿಸಿದ ಅರಗಿನ ಬಣ್ಣ. ಪದರವಾಗಿ ಏಳುವ ಪೇಂಟ್ ಅಲ್ಲ. ಭೌಗೋಳಿಕ ಸೂಚಿ (ಜಿಐ ಟ್ಯಾಗ್) ಪಡೆದ ಕುಶಲಕರ್ಮಿಗಳ ಆಟಿಕೆಗಳಿಗೆ ಐಎಸ್‌ಐ ವಿನಾಯಿತಿ ಇರುವುದರಿಂದ ಅದರ ಮೇಲೆ ಆ ಗುರುತು ಇಲ್ಲದಿದ್ದರೆ ಗಾಬರಿ ಬೇಡ. ಗೂಟಗಳನ್ನು ಎಳೆದು ನೋಡಿ, ಸಣ್ಣ ಮಣಿ ಇರುವುದನ್ನು ಬಿಡಿ. ನೀರಿನಲ್ಲಿ ನೆನೆದು ಗಾಲಿ ಬಿಗಿಯಾದರೆ ನೆರಳಲ್ಲಿ ಎರಡು ದಿನ ಒಣಗಿಸಿದರೆ ಸಡಿಲವಾಗುತ್ತದೆ. ಬಿಸಿನೀರು ಮಾತ್ರ ತಾಗಿಸಬೇಡಿ, ಅರಗು ಮೆತ್ತಗಾಗುತ್ತದೆ.

ಕೊನೆಗೆ ರಿಪೇರಿ. ಬಸ್ಸಿಗೆ ಎರಡೂ ಪಕ್ಕ ತೂತು ಕೊರೆದು ಸೈಕಲ್ಲಿನ ಕಡ್ಡಿಯೊಂದನ್ನು ಅಡ್ಡಲಾಗಿ ಹಾಯಿಸಿ, ತುದಿಗಳನ್ನು ಅರದಿಂದ ಉಜ್ಜಿ ಎಂ-ಸೀಲ್‌ನ ಗುಂಡು ಮುಚ್ಚಳ ಕೊಡಿ. ಮೊದಲಿಗಿಂತ ಗಟ್ಟಿಯಾಗುತ್ತದೆ. ಬೊಂಬೆಯ ಕಾಲಿಗೆ ಅಂಟು ಹಚ್ಚುವ ಮೊದಲು ಮುರಿದ ತುಂಡನ್ನು ಒಂದು ಚೊಂಬು ನೀರಿಗೆ ಹಾಕಿ. ಗಟ್ಟಿ ತುಂಡಾಗಿದ್ದೂ ತೇಲಿದರೆ ಅದು ಪಾಲಿಪ್ರೊಪಿಲೀನ್ ಜಾತಿ, ಮನೆಯ ಯಾವ ಅಂಟೂ ನಿಲ್ಲುವುದಿಲ್ಲ. ತಂತಿಯ ಹೊಲಿಗೆಯೇ ಗತಿ. ಮುಳುಗಿದರೆ ಅಂಟು ಹಿಡಿಯುತ್ತದೆ. ಫೆವಿಕ್ವಿಕ್ ಬೇಡ, ಅದು ಗಾಜಿನಂತೆ ಒಣಗಿ ಮೊದಲ ತಿರುಚಿಗೇ ಬಿಡುತ್ತದೆ. ಒಂದು ಮುರಿದ ಮುಖದ ನಡುವೆ ಪೆನ್ನಿನಿಂದ ಶಾಯಿಯ ಚುಕ್ಕೆಯಿಟ್ಟು ಇನ್ನೊಂದಕ್ಕೆ ಒತ್ತಿ, ಎರಡೂ ಕಡೆ ಒಂದೇ ಜಾಗ ಗುರುತಾಗುತ್ತದೆ. 1 ಮಿ.ಮೀ. ಡ್ರಿಲ್ ಬಿಟ್ಟನ್ನು ಬೆರಳಲ್ಲೇ ತಿರುಗಿಸುತ್ತ ಎರಡೂ ಕಡೆ ಅರ್ಧ ಸೆಂ.ಮೀ. ಆಳ ಕೊರೆಯಿರಿ. ಕಾದ ಸೂಜಿ ಚುಚ್ಚಬೇಡಿ, ಪಿವಿಸಿಯ ಹೊಗೆ ಕೆಟ್ಟದ್ದು. ಕಾಗದದ ಕ್ಲಿಪ್ಪಿನ ಒಂದು ಸೆಂ.ಮೀ. ತುಂಡನ್ನು ಮೂಳೆಯಂತೆ ಒಳಗಿಟ್ಟು, ಮುಖಗಳನ್ನು ಉಪ್ಪುಕಾಗದದಿಂದ ಒರಟು ಮಾಡಿ, ಎರಡು ಟ್ಯೂಬಿನ ಅರಾಲ್ಡೈಟ್ ಕಲಸಿ ಹಚ್ಚಿ ಕೂಡಿಸಿ, ಹೊರಚಿಮ್ಮಿದ್ದನ್ನು ಬಟ್ಟೆಯಿಂದ ಒರೆಸಿಬಿಡಿ. ಸಾಮಾನ್ಯ ಬಗೆಯದು ಗಟ್ಟಿಯಾಗಲು ಇಡೀ ರಾತ್ರಿ ಬೇಕು, ಆ ರಾತ್ರಿ ಬೊಂಬೆ ಅಲುಗಾಡಬಾರದು. ಅದಿಲ್ಲದೆ ಅವನು ಮಲಗುವುದಿಲ್ಲ ಎಂದಿರಿ. ಹಾಗಾದರೆ ಬೇಗ ಒಣಗುವ ಬಗೆಯನ್ನು ತಂದು, ಬೆಳಿಗ್ಗೆ ಅವನು ಶಾಲೆಗೆ ಹೊರಟ ಕೂಡಲೇ ಕೆಲಸಕ್ಕೆ ಕೂತುಕೊಳ್ಳಿ. ಮಲಗುವ ಹೊತ್ತಿಗೆ ಬೊಂಬೆ ಅವನ ಪಕ್ಕದಲ್ಲಿರುತ್ತದೆ.